ಲೆಕ್ಕ ತಾಳೆಯಾಗದ 24 ಸೆಕ್ಟರ್

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಮನೆಯ ಸರ್ವರ್‌ನಿಂದ ಒಂದು ಮೇಲ್ ಬಂತು. ಹಲವು ಡಿಸ್ಕ್‌ಗಳನ್ನು ಜೋಡಿಸಿ ಒಂದರಂತೆ ಬಳಸುವ ರೈಡ್‌ನ ತಿಂಗಳ ತಪಾಸಣೆ ಮುಗಿದಿದೆ, ಮಿಸ್‌ಮ್ಯಾಚ್ (ತಾಳೆಯಾಗದ ಸೆಕ್ಟರ್, ಅಂದರೆ ಡಿಸ್ಕ್‌ನ ಚಿಕ್ಕ ತುಣುಕು) 24 ಸಿಕ್ಕಿದೆ. ಇಷ್ಟೇ. ಯಾವ ಡಿಸ್ಕ್, ಯಾವ ಜಾಗ, ಯಾವ ಫೈಲ್, ಒಂದೂ ಅದರಲ್ಲಿಲ್ಲ.

ಹಿಂದಿನ ತಿಂಗಳೂ ಹೀಗೇ ಒಂದು ಮೇಲ್ ಬಂದಿತ್ತು. ಆಗ ಸಂಖ್ಯೆ 8. ಇಷ್ಟು ದೊಡ್ಡ ಸಂಗ್ರಹದಲ್ಲಿ 8 ಎಂದರೆ ಏನು ಮಹಾ ಅಂದುಕೊಂಡು ನೇರವಾಗಿ ರಿಪೇರ್ ಆಜ್ಞೆ ಕೊಟ್ಟಿದ್ದೆ. ಆಮೇಲೆ ನಾನೇ ಮತ್ತೆ ತಪಾಸಣೆ ಓಡಿಸಿದಾಗ ಸೊನ್ನೆ ಬಂತು, ನಾನು ಮರೆತೆ. ಅದು ತಪ್ಪು ಎಂದು ಈ ಸಲ ತಿಳಿಯಿತು. ಏಕೆ ತಪ್ಪು ಎಂಬುದೇ ಈ ಟಿಪ್ಪಣಿಯ ವಿಷಯ.

ಮೊದಲು ಪೆಟ್ಟಿಗೆಯ ವಿವರ. ಶಿರಸಿಯ ಮನೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್ ಅದು. ತಲಾ 4 ಟಿಬಿಯ ನಾಲ್ಕು ಡಿಸ್ಕ್. ರೈಡ್ ನಡೆಸುವ ಲಿನಕ್ಸ್‌ನ ಎಂಡಿ ಡ್ರೈವರ್‌ನಲ್ಲಿ ರೈಡ್ 5, ಅದರ ಮೇಲೆ ನೇರವಾಗಿ ಎಕ್ಸ್ಟ್4 ಫೈಲ್ ಸಿಸ್ಟಮ್. ಒಂದು ಡಿಸ್ಕ್‌ಗೆ ಒಮ್ಮೆಗೆ ಹೋಗುವ ತುಂಡು, ಅಂದರೆ ಚಂಕ್, 512 ಕೆಬಿ. ರ‍್ಯಾಮ್ 8 ಜಿಬಿ, ನಾಲ್ಕರ ಎರಡು ಪಟ್ಟಿ, ತಪ್ಪು ಬಿಟ್ ತಾನೇ ತಿದ್ದಿಕೊಳ್ಳುವ ಇಸಿಸಿ ಇಲ್ಲದ ಮಾಮೂಲಿ ಬಗೆ. ಒಳಗಿರುವುದು ಮನೆಯವರ ಹಳೆಯ ಫೋಟೊಗಳ ಸ್ಕ್ಯಾನ್ ಮತ್ತು ಚಿಕ್ಕಪ್ಪನ ತಾಳಮದ್ದಳೆ ಕ್ಯಾಸೆಟ್‌ಗಳು. ದೇವಸ್ಥಾನದ ಚಾವಡಿಗಳಲ್ಲಿ, ಮದುವೆಮನೆ ಚಪ್ಪರಗಳಲ್ಲಿ ಅವರು ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತು ಹಿಡಿದದ್ದು. ಒಂದೊಂದನ್ನೂ ಓಡಿಸಿ ಫ್ಲ್ಯಾಕ್ ಎಂಬ ಧ್ವನಿ ಫೈಲ್ ಮಾಡಿದ್ದೇವೆ. ಇಲ್ಲಿಯವರೆಗೆ 212 ಫೈಲ್.

24 ಎಂದರೆ ಏನು?

ರೈಡ್ 5 ಗೊತ್ತಿಲ್ಲದವರಿಗೆ ಒಂದು ಮಾತು. ಅಂಗಡಿಯ ಲೆಕ್ಕದ ಪುಸ್ತಕ ನೆನೆಸಿಕೊಳ್ಳಿ. ಒಂದು ಸಾಲಿನಲ್ಲಿ ಮೂರು ಬಾಬು, ಕೊನೆಗೆ ಮೊತ್ತ. ಒಂದು ಬಾಬು ಅಳಿಸಿಹೋದರೆ ಮೊತ್ತದಿಂದ ಉಳಿದೆರಡನ್ನು ಕಳೆದು ಅದನ್ನು ಮತ್ತೆ ಬರೆಯಬಹುದು. ನಾಲ್ಕು ಡಿಸ್ಕ್‌ನಲ್ಲಿ ಆಗುವುದೂ ಅದೇ. ಪ್ರತಿ ಸಾಲಿಗೂ ಮೂರರಲ್ಲಿ ಡೇಟಾ, ಒಂದರಲ್ಲಿ ಪ್ಯಾರಿಟಿ ಎಂಬ ಮೊತ್ತ; ಪ್ಯಾರಿಟಿಯ ಡಿಸ್ಕ್ ಸಾಲಿನಿಂದ ಸಾಲಿಗೆ ಬದಲಾಗುತ್ತದೆ. ಕೂಡುವ ಬದಲು ಬಿಟ್‌ಗಳನ್ನು ಹೋಲಿಸುವ ಎಕ್ಸ್‌ಆರ್ ಎಂಬ ಲೆಕ್ಕ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ. ನಾಲ್ಕನ್ನೂ ಎಕ್ಸ್‌ಆರ್ ಮಾಡಿದರೆ ಸೊನ್ನೆ ಬರಬೇಕು.

ಅಳಿಸಿಹೋದರೆ ಸರಿ. ಆದರೆ ಯಾವುದೂ ಅಳಿಸದೆ, ಮೊತ್ತ ಮಾತ್ರ ತಾಳೆಯಾಗದಿದ್ದರೆ? ತಪ್ಪು ಯಾವ ಬಾಬಿನದು? ಅಥವಾ ಮೊತ್ತವೇ ತಪ್ಪಾ? ರೈಡ್ 5ಕ್ಕೆ ಅದು ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ ತುಂಬ ಜನರಿಗೆ ತಿಳಿದಿಲ್ಲ. ನಾವು ಫೈಲ್ ಓದುವಾಗ ಎಂಡಿ ಪ್ಯಾರಿಟಿಯನ್ನು ನೋಡುವುದೇ ಇಲ್ಲ. ಡೇಟಾ ಇರುವ ಡಿಸ್ಕ್‌ನಿಂದ ಓದಿ ಕೊಟ್ಟುಬಿಡುತ್ತದೆ. ಡಿಸ್ಕ್ ತಾನಾಗಿ ‘ಓದಲು ಆಗಲಿಲ್ಲ’ ಎಂದರೆ ಮಾತ್ರ ಪ್ಯಾರಿಟಿಯ ನೆನಪಾಗುತ್ತದೆ. ಹಾಗಾಗಿ ತಾಳೆಯಾಗದ ಸಾಲು ಬೆಳಕಿಗೆ ಬರುವುದು ತಪಾಸಣೆಯಲ್ಲಿ ಮಾತ್ರ.

ನನ್ನ ಡೆಬಿಯನ್ ಲಿನಕ್ಸ್‌ನಲ್ಲಿ ತಿಂಗಳ ಮೊದಲ ಭಾನುವಾರ ನಡುರಾತ್ರಿ ಕಳೆದು 57 ನಿಮಿಷಕ್ಕೆ ತಪಾಸಣೆ ಶುರುವಾಗುತ್ತದೆ. ಕರ್ನಲ್ (ಲಿನಕ್ಸ್‌ನ ತಿರುಳು) ತನ್ನ ಸ್ಥಿತಿಯನ್ನು ಫೈಲ್‌ಗಳಂತೆ ತೋರಿಸುವ ಸಿಸ್‌ಎಫ್‌ಎಸ್ ಒಳಗೆ, ನನ್ನ ರೈಡ್ ಆದ ಎಂಡಿ0ಯ ‘ಸಿಂಕ್ ಆ್ಯಕ್ಷನ್’ ಎಂಬ ಫೈಲಿಗೆ ‘ಚೆಕ್’ ಎಂದು ಬರೆಯುವುದಷ್ಟೇ ಕೆಲಸ. ಮುಗಿದಾಗ ಅದೇ ಜಾಗದ ‘ಮಿಸ್‌ಮ್ಯಾಚ್ ಕೌಂಟ್’ ಫೈಲಿನಲ್ಲಿ ಒಂದು ಸಂಖ್ಯೆ ಇರುತ್ತದೆ. ನನಗೆ ಸುಮಾರು ಎಂಟೂವರೆ ಗಂಟೆ ಹಿಡಿಯುತ್ತದೆ.

ಆ ಸಂಖ್ಯೆ 512 ಬೈಟ್‌ನ ಸೆಕ್ಟರ್‌ಗಳ ಲೆಕ್ಕ. ಆದರೆ ರೈಡ್ 5ರ ಕೋಡ್ ಸೆಕ್ಟರ್ ಸೆಕ್ಟರ್ ಆಗಿ ಹೋಲಿಸುವುದಿಲ್ಲ. 4096 ಬೈಟ್‌ನ ಒಂದು ಪುಟವನ್ನು ಒಟ್ಟಿಗೆ ನೋಡುತ್ತದೆ. ಒಂದೇ ಬಿಟ್ ತಪ್ಪಿದ್ದರೂ ಸಂಖ್ಯೆಗೆ 8 ಸೇರುತ್ತದೆ. ಅಂದರೆ 24 ಎಂದರೆ ಮೂರು ಜಾಗ. ಕಳೆದ ತಿಂಗಳ 8 ಎಂದರೆ ಒಂದು ಜಾಗ.

ಎಂಡಿ ಸ್ಥಿತಿ ತೋರಿಸುವ ಪ್ರಾಕ್ ಫೈಲ್ ನೋಡಿದೆ. ನಾಲ್ಕೂ ಡಿಸ್ಕ್‌ಗೆ ‘ಯು’ ಎಂಬ ಗುರುತಿದೆ, ಎಲ್ಲ ಚೆನ್ನಾಗಿದೆ ಎನ್ನುವಂತೆ. ರೈಡ್ ನಿರ್ವಹಿಸುವ ಎಂಡಿಎಡಿಎಂ ಆಜ್ಞೆ ಕೊಡುವ ವಿವರದಲ್ಲೂ ‘ಕ್ಲೀನ್’. ಈ ಎರಡು ಜಾಗದಲ್ಲಿ ಮಿಸ್‌ಮ್ಯಾಚ್‌ನ ಸುಳಿವೇ ಇರುವುದಿಲ್ಲ. ಮೇಲ್ ವ್ಯವಸ್ಥೆ ಇಟ್ಟುಕೊಳ್ಳದವರಿಗೆ ಇದು ಎಂದೂ ಗೊತ್ತಾಗದೆ ಹೋಗಬಹುದು, ಅಲ್ವಾ? ನನಗೆ ಹೆಚ್ಚು ಕಳವಳ ಆಗುವುದು ಅದಕ್ಕೇ.

ಮೊದಲ ಅನುಮಾನ ಕರೆಂಟಿನ ಮೇಲೆ

ಮೂರು ವಾರದ ಹಿಂದೆ ಗಾಳಿಮಳೆಗೆ ಇಡೀ ರಾತ್ರಿ ಕರೆಂಟ್ ಇರಲಿಲ್ಲ. ಯುಪಿಎಸ್ ಬ್ಯಾಟರಿ ಖಾಲಿಯಾಗಿ ಪೆಟ್ಟಿಗೆ ತಟ್ಟನೆ ಆರಿತ್ತು. ಡೇಟಾ ಬರೆದು ಪ್ಯಾರಿಟಿ ಬರೆಯುವ ಮೊದಲೇ ಆರಿದರೆ ಮೊತ್ತ ತಾಳೆಯಾಗುವುದಿಲ್ಲ. ಇದೇ ಕಾರಣ ಎಂದು ಅರ್ಧ ಗಂಟೆ ನಂಬಿದ್ದೆ. ಆಮೇಲೆ ಲಾಗ್ ತೆಗೆದು ನೋಡಿದರೆ ಮತ್ತೆ ಹೊತ್ತಿದಾಗ ಎಂಡಿ ತಾನಾಗಿಯೇ ರೀಸಿಂಕ್ ಮಾಡಿ ಮುಗಿಸಿದೆ. ಬರೆಯುತ್ತಿದ್ದ ಜಾಗಗಳನ್ನು ಬಿಟ್‌ಮ್ಯಾಪ್‌ನಲ್ಲಿ ಗುರುತು ಹಾಕಿಕೊಂಡಿರುತ್ತದೆ, ಅವನ್ನಷ್ಟೇ ಸರಿಮಾಡುತ್ತದೆ. ಆ ರಾತ್ರಿಯ ಬಾಕಿ ಅಲ್ಲಿಗೇ ತೀರಿತ್ತು.

ಡಿಸ್ಕ್‌ಗಳು ತಮ್ಮ ಆರೋಗ್ಯದ ಬಗ್ಗೆ ತಾವೇ ಕೊಡುವ ಸ್ಮಾರ್ಟ್ ವರದಿ ತೆಗೆದೆ. ನಾಲ್ಕರಲ್ಲೂ ರೀಅಲೊಕೇಟೆಡ್ ಸೆಕ್ಟರ್ ಸೊನ್ನೆ, ಪೆಂಡಿಂಗ್ ಸೊನ್ನೆ, ಕೇಬಲ್ ದೋಷ ತೋರಿಸುವ ಸಿಆರ್‌ಸಿ ಎಣಿಕೆಯೂ ಸೊನ್ನೆ. ಡಿಸ್ಕ್‌ಗಳನ್ನು ಬಯ್ಯಲು ಕಾರಣ ಸಿಗಲಿಲ್ಲ.

ಕರ್ನಲ್ ಹೇಳಿದ ಮೂರು ಸಾಲು

ಕೊನೆಗೆ ಕರ್ನಲ್ ಲಾಗ್ ಪೂರ್ತಿ ಓದಿದೆ. ಇದನ್ನು ಮೊದಲೇ ಮಾಡಬೇಕಿತ್ತು. ರಾತ್ರಿಯ ತಪಾಸಣೆಯ ಹೊತ್ತಿನಲ್ಲಿ ಮೂರು ಸಾಲು ಇದ್ದವು. ಮೂರೂ ಒಂದೇ ಥರ. ಎಂಡಿ0ಯಲ್ಲಿ ಇಷ್ಟರಿಂದ ಇಷ್ಟರವರೆಗಿನ ಸೆಕ್ಟರ್ ವ್ಯಾಪ್ತಿಯಲ್ಲಿ ಮಿಸ್‌ಮ್ಯಾಚ್ ಎಂದು. ಅದರಲ್ಲಿ ಒಂದರ ಸಂಖ್ಯೆ 3187654640ರಿಂದ 3187654648.

ಈ ಸಾಲು ಕರ್ನಲ್‌ನಲ್ಲಿ ಮೊದಲಿನಿಂದಲೂ ಇರಲಿಲ್ಲ. ಅನೇಕ ವರ್ಷ ಎಂಡಿ ಬರೀ ಎಣಿಸುತ್ತಿತ್ತು. ಎಲ್ಲಿ ಎಂದು ಹೇಳುತ್ತಿರಲಿಲ್ಲ. 2017ರಲ್ಲಿ ಸೇರಿದ ಚಿಕ್ಕ ತಿದ್ದುಪಡಿ ಇದು. ಕೋಡ್ ಎಂದು ಲೆಕ್ಕ ಹಾಕಿದರೆ ಬೆರಳೆಣಿಕೆಯ ಸಾಲು. ತಪ್ಪು ಇರುವ ಜಾಗ ಗೊತ್ತಾದರೆ ಅದು ಯಾರೂ ಬಳಸದ ಜಾಗವೋ, ಯಾವುದೋ ಫೈಲಿನ ಹೊಟ್ಟೆಯೋ ಎಂದು ನಿರ್ವಾಹಕರು ಹುಡುಕಿಕೊಳ್ಳಬಹುದು ಎಂಬುದು ಅದರ ಉದ್ದೇಶ. ಆ ಕೆಲವು ಸಾಲು ಬರೆದವರಿಗೆ ನಾನು ಮನಸಾರೆ ಋಣಿ.

ರೈಡ್ 5ರ ಮೂಲ ಕೋಡ್ ತೆಗೆದು ಆ ಭಾಗ ಓದಿದೆ. ಗಮನಿಸಬೇಕಾದ ಎರಡು ವಿಷಯ ಸಿಕ್ಕವು. ಒಂದು, ಸಂದೇಶಕ್ಕೆ ಕಡಿವಾಣ ಇದೆ. ಐದು ಸೆಕೆಂಡಿಗೆ ಹತ್ತಕ್ಕಿಂತ ಜಾಸ್ತಿ ಬಂದರೆ ಉಳಿದವನ್ನು ನುಂಗಿಬಿಡುತ್ತದೆ. ಲಾಗ್ ತುಂಬಿ ಹರಿಯಬಾರದಲ್ಲ. ಸಾಲುಗಳನ್ನು ಎಣಿಸಿ 8ರಿಂದ ಗುಣಿಸಿ ಮಿಸ್‌ಮ್ಯಾಚ್ ಕೌಂಟ್ ಜೊತೆ ತಾಳೆ ನೋಡಿ. ನನ್ನದು ಮೂರು ಎಂಟಲ ಇಪ್ಪತ್ನಾಲ್ಕು, ಸರಿಹೋಯಿತು. ಎರಡು, ಈ ಸಂದೇಶ ಬರುವುದು ‘ಚೆಕ್’ ಕೊಟ್ಟಾಗ ಮಾತ್ರ. ‘ರಿಪೇರ್’ ಕೊಟ್ಟರೆ ಕರ್ನಲ್ ಎಣಿಸುತ್ತದೆ, ಪ್ಯಾರಿಟಿಯನ್ನು ಹೊಸದಾಗಿ ಬರೆಯುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ.

ರೈಡ್ 5ರಲ್ಲಿ ರಿಪೇರ್ ಎಂದರೆ ಇಷ್ಟೇ. ಮೂರು ಬಾಬು ಸರಿ ಎಂದು ಒಪ್ಪಿಕೊಂಡು ಮೊತ್ತವನ್ನು ತಿದ್ದುವುದು. ಬಾಬೇ ತಪ್ಪಿದ್ದರೆ? ಆ ತಪ್ಪಿಗೆ ಮೊತ್ತವೂ ಸಾಕ್ಷಿ ಹೇಳುವ ಹಾಗೆ ಮಾಡಿಬಿಡುತ್ತದೆ. ಸರಿಯಾದ ಡೇಟಾದ ಕೊನೆಯ ಕುರುಹು ಅಲ್ಲಿಗೆ ಅಳಿಸಿಹೋಗುತ್ತದೆ. ಕಳೆದ ತಿಂಗಳು ನಾನು ಮಾಡಿದ್ದು ಅದನ್ನೇ ಇರಬಹುದು.

ಕರ್ನಲ್ ಜಾಣತನ ಮಾಡಿ ತಪ್ಪಿದ ಬಾಬನ್ನು ತಾನೇ ಹುಡುಕಬಾರದೇ ಎಂದು ಕೇಳುವವರಿದ್ದಾರೆ. ಎರಡು ಮೊತ್ತ ಇಡುವ ರೈಡ್ 6ರಲ್ಲಿ ಗಣಿತದ ಪ್ರಕಾರ ಅದು ಸಾಧ್ಯ. ಎಂಡಿಯನ್ನು ತುಂಬ ವರ್ಷ ನೋಡಿಕೊಂಡ ನೀಲ್ ಬ್ರೌನ್ ಅದನ್ನು ಒಪ್ಪಲಿಲ್ಲ. ತಪ್ಪು ಹೇಗಾಯಿತು ಎಂದು ತಿಳಿಯದೆ ಕರ್ನಲ್ ಊಹೆಯ ಮೇಲೆ ಡೇಟಾ ತಿದ್ದಬಾರದು, ಅದು ಮನುಷ್ಯರು ಕೂತು ನೋಡಬೇಕಾದ ಕೆಲಸ ಎಂಬುದು ಅವರ ನಿಲುವು. ಈ ಕೆಲಸ ಮುಗಿಸಿದ ಮೇಲೆ ನನಗೂ ಅದು ಸರಿ ಅನ್ನಿಸಿದೆ. ಆದರೆ ಮನುಷ್ಯರು ನೋಡಬೇಕಾದರೆ ಎಲ್ಲಿ ನೋಡಬೇಕು ಎಂದಾದರೂ ಕರ್ನಲ್ ಹೇಳಬೇಕು.

ಆಟದ ಸಾಮಾನಿನ ಮೇಲೆ ಮೊದಲ ಪ್ರಯೋಗ

ಆ ಸಂಖ್ಯೆಯಿಂದ ಫೈಲಿನ ಹೆಸರಿಗೆ ಹೋಗುವುದು ಹೇಗೆ? ನಿಜವಾದ ಡಿಸ್ಕ್ ಮುಟ್ಟಲು ಧೈರ್ಯ ಬರಲಿಲ್ಲ. ಫೈಲ್ ಸಿಸ್ಟಮನ್ನು ಓದಲು ಮಾತ್ರ ಎಂದು ಮೌಂಟ್ ಮಾಡಿಟ್ಟು, ಲ್ಯಾಪ್‌ಟಾಪಿನಲ್ಲಿ ಒಂದು ಪುಟ್ಟ ರೈಡ್ ಕಟ್ಟಿದೆ. ತಲಾ 200 ಎಂಬಿಯ ನಾಲ್ಕು ಖಾಲಿ ಫೈಲ್, ಅವನ್ನು ಡಿಸ್ಕ್‌ನಂತೆ ತೋರಿಸುವ ಲೂಪ್ ಸಾಧನ ಮಾಡಿ ರೈಡ್ 5, ಅದರ ಮೇಲೆ ಎಕ್ಸ್ಟ್4. ಒಂದಿಷ್ಟು ಹಾಡು ತುಂಬಿದೆ. ನಂತರ ಡಿಸ್ಕ್ ಆಗಿ ನಿಂತ ಆ ನಾಲ್ಕರಲ್ಲಿ ಒಂದು ಫೈಲಿನಲ್ಲಿ ಬೇಕೆಂದೇ ಒಂದು ಬೈಟ್ ಕೆಡಿಸಿ, ಕ್ಯಾಶ್ ಖಾಲಿ ಮಾಡಿ ಚೆಕ್ ಕೊಟ್ಟೆ.

ಮಿಸ್‌ಮ್ಯಾಚ್ ಸೊನ್ನೆ ಬಂತು. ಕೆಡಿಸಿದ್ದು ತೀರಾ ಆರಂಭದ ಜಾಗ. ಪ್ರತಿ ಸದಸ್ಯ ಡಿಸ್ಕ್‌ನ ಮೊದಲಲ್ಲಿ ಎಂಡಿ ತನ್ನ ಸೂಪರ್‌ಬ್ಲಾಕ್ ಮತ್ತು ಬಿಟ್‌ಮ್ಯಾಪ್‌ಗೆ ಜಾಗ ಬಿಟ್ಟುಕೊಂಡಿರುತ್ತದೆ. ಡೇಟಾ ಶುರುವಾಗುವುದು ‘ಡೇಟಾ ಆಫ್‌ಸೆಟ್’ ದಾಟಿದ ಮೇಲೆ. ಎಂಡಿಎಡಿಎಂನ ಎಗ್ಸಾಮಿನ್ ಆಜ್ಞೆ ಅದನ್ನು ತೋರಿಸುತ್ತದೆ. ನನ್ನ ದೊಡ್ಡ ಡಿಸ್ಕ್‌ಗಳಲ್ಲಿ ಅದು 264192 ಸೆಕ್ಟರ್, ಅಂದರೆ 129 ಎಂಬಿ. ಎರಡನೆಯ ಸಲ ಅದನ್ನು ಕೂಡಿಸಿ ಕೆಡಿಸಿದೆ. ಚೆಕ್ ಕೊಟ್ಟ ತಕ್ಷಣ 8 ಬಂತು, ಲಾಗ್‌ನಲ್ಲಿ ಸಾಲೂ ಬಂತು.

ಅಲ್ಲಿ ಇನ್ನೊಂದು ಕಡೆ ಎಡವಿದೆ. ಕರ್ನಲ್ ಹೇಳುವ ಸೆಕ್ಟರ್ ಇಡೀ ಎಂಡಿ0ಯ ಸೆಕ್ಟರ್ ಎಂದುಕೊಂಡು ಹುಡುಕಿದೆ. ಬೇರೆ ಯಾವುದೋ ಹಾಡಿನ ಹೆಸರು ಬಂತು. ಆ ಹಾಡು ಸರಿಯಾಗಿಯೇ ಇತ್ತು. ಕೋಡ್ ಮತ್ತೆ ಓದಿದಾಗ ಸ್ಪಷ್ಟವಾಯಿತು. ಅದು ಒಂದೊಂದು ಸದಸ್ಯ ಡಿಸ್ಕ್‌ನ ಡೇಟಾ ಭಾಗದೊಳಗಿನ ದೂರ. ನಾಲ್ಕೂ ಡಿಸ್ಕ್‌ನಲ್ಲಿ ಅದೇ ದೂರದಲ್ಲಿರುವ ನಾಲ್ಕು ಪುಟಗಳ ಸಾಲು ತಾಳೆಯಾಗುತ್ತಿಲ್ಲ ಎಂದು ಅದರ ಅರ್ಥ. ಲ್ಯಾಪ್‌ಟಾಪಿನಲ್ಲಿ ಮೊದಲು ಮಾಡಿದ್ದು ಒಳ್ಳೆಯದಾಯಿತು. ಇಲ್ಲವಾದರೆ ತಪ್ಪು ಫೈಲನ್ನು ತಿದ್ದಲು ಹೊರಡುತ್ತಿದ್ದೆ.

ಲೆಕ್ಕ ಹೀಗೆ. ಚಂಕ್ 512 ಕೆಬಿ ಎಂದರೆ 1024 ಸೆಕ್ಟರ್. 3187654640ನ್ನು 1024ರಿಂದ ಭಾಗಿಸಿದರೆ 3112943, ಶೇಷ 1008. ಅಂದರೆ 3112943ನೆಯ ಸ್ಟ್ರೈಪ್ (ನಾಲ್ಕೂ ಡಿಸ್ಕ್‌ನ ಒಂದೊಂದು ಚಂಕ್ ಸೇರಿದ ಸಾಲು). ಪ್ರತಿ ಸ್ಟ್ರೈಪ್‌ನಲ್ಲಿ ಮೂರು ಚಂಕ್ ಡೇಟಾ. ಆದ್ದರಿಂದ ಎಂಡಿ0ಯಲ್ಲಿ ಮೊದಲ ಡೇಟಾ ಪುಟದ ಜಾಗ 3112943 ಗುಣಿಸು 3 ಗುಣಿಸು 1024, ಕೂಡು 1008. ಉತ್ತರ 9562961904. ಎಕ್ಸ್ಟ್4 ಬ್ಲಾಕ್ 4096 ಬೈಟ್, ಎಂಟು ಸೆಕ್ಟರ್. ಎಂಟರಿಂದ ಭಾಗಿಸಿದರೆ ಬ್ಲಾಕ್ 1195370238. ಉಳಿದೆರಡು ಡೇಟಾ ಪುಟ ಒಂದೊಂದು ಚಂಕ್ ಮುಂದೆ, ಅಂದರೆ 128 ಬ್ಲಾಕ್ ಮುಂದೆ: 1195370366 ಮತ್ತು 1195370494. ನಾಲ್ಕನೆಯದು ಪ್ಯಾರಿಟಿ. ಅದು ಯಾವ ಫೈಲಿಗೂ ಸೇರಿದ್ದಲ್ಲ.

ಇದನ್ನೆಲ್ಲ ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟ್‌ಗೆ ಹಾಕಿದೆ. ಕರ್ನಲ್‌ನ ಸಾಲು ಕೊಟ್ಟರೆ ಮೂರು ಬ್ಲಾಕ್ ಸಂಖ್ಯೆ ತೆಗೆಯುತ್ತದೆ. ಫೈಲ್ ಸಿಸ್ಟಮ್ ಒಳಗೆ ನೋಡುವ ಡಿಬಗ್‌ಎಫ್‌ಎಸ್‌ನ ‘ಐಚೆಕ್’ ಕರೆದು ಐನೋಡ್ (ಫೈಲಿನ ಒಳಸಂಖ್ಯೆ) ಕೇಳುತ್ತದೆ, ‘ಎನ್‌ಚೆಕ್’ ಕರೆದು ಹೆಸರು ಕೇಳುತ್ತದೆ. ಪುಟ್ಟ ರೈಡ್‌ನಲ್ಲಿ ಹತ್ತು ಬೇರೆ ಬೇರೆ ಜಾಗ ಕೆಡಿಸಿ ನೋಡಿದೆ. ಹತ್ತೂ ಸಲ ಕೆಡಿಸಿದ ಹಾಡು ಪಟ್ಟಿಯಲ್ಲಿ ಬಂತು.

ಅದೇ ಜಾಗವನ್ನು ಮತ್ತೆ ಮತ್ತೆ ಕೇಳಿದೆ

ಈಗ ದೊಡ್ಡ ಪೆಟ್ಟಿಗೆ. ಫೈಲ್ ಹುಡುಕುವ ಮೊದಲು ಒಂದು ಪ್ರಶ್ನೆ ಉಳಿದಿತ್ತು. ತಪ್ಪು ನಿಜವಾಗಿ ಡಿಸ್ಕ್ ಮೇಲಿದೆಯಾ, ಅಥವಾ ತಪಾಸಣೆಗೆಂದು ಓದುವಾಗ ಆದದ್ದಾ? ಅದಕ್ಕೆ ಮತ್ತೆ ಎಂಟೂವರೆ ಗಂಟೆ ಕಾಯಬೇಕಿಲ್ಲ. ‘ಸಿಂಕ್ ಮಿನ್’, ‘ಸಿಂಕ್ ಮ್ಯಾಕ್ಸ್’ ಎಂಬ ಎರಡು ಫೈಲ್ ಇವೆ. ಅವಕ್ಕೆ ಆರಂಭ ಮತ್ತು ಕೊನೆಯ ಸೆಕ್ಟರ್ ಬರೆದರೆ ಅಷ್ಟು ಜಾಗವನ್ನು ಮಾತ್ರ ನೋಡುತ್ತದೆ. ಚಂಕ್‌ನ ಗುಣಕಗಳನ್ನೇ ಕೊಡಬೇಕು. ನಾನು 3187653632 ಮತ್ತು 3187654656 ಕೊಟ್ಟೆ. ತಲುಪಿದ ಮೇಲೆ ತಪಾಸಣೆ ಮುಗಿಯುವುದಿಲ್ಲ, ಅಲ್ಲೇ ನಿಂತು ಕಾಯುತ್ತದೆ. ‘ಐಡಲ್’ ಎಂದು ಬರೆದು ನಾವೇ ಬಿಡಿಸಬೇಕು. ಕೆಲಸ ಆದಮೇಲೆ ಮಿನ್ ಅನ್ನು 0 ಮಾಡಿ, ಮ್ಯಾಕ್ಸ್‌ಗೆ ಮತ್ತೆ ‘ಮ್ಯಾಕ್ಸ್’ ಎಂದೇ ಬರೆಯಿರಿ. ಮರೆತರೆ ಮುಂದಿನ ತಿಂಗಳ ತಪಾಸಣೆ ಅಷ್ಟೇ ಚೂರನ್ನು ನೋಡಿ ನಿಂತಿರುತ್ತದೆ.

ಮೂರೂ ಜಾಗಗಳನ್ನು ಹತ್ತತ್ತು ಸಲ ಕೇಳಿದೆ. ಎರಡು ಜಾಗ ಪ್ರತಿ ಸಲವೂ 8 ಎಂದವು. ಮೂರನೆಯದು ಹತ್ತೂ ಸಲ ಸೊನ್ನೆ.

ಇಲ್ಲಿ ನಾನು ಕುರ್ಚಿಯಿಂದ ಎದ್ದು ಸ್ವಲ್ಪ ಅಡ್ಡಾಡಿದೆ. ಡಿಸ್ಕ್‌ನಲ್ಲಿ ಇಲ್ಲದ ತಪ್ಪನ್ನು ಕರ್ನಲ್ ಒಮ್ಮೆ ನೋಡಿದೆ ಎಂದಾದರೆ ಅದು ಓದಿದ ಮೇಲೆ ಆದದ್ದು. ಡಿಸ್ಕ್‌ನಿಂದ ಬರುವ ದಾರಿಯಲ್ಲಿ ಸಾಟಾ ಕೇಬಲ್‌ಗೆ ಸಿಆರ್‌ಸಿ ಕಾವಲಿದೆ, ಅದು ಸೊನ್ನೆ ಎನ್ನುತ್ತಿದೆ. ಉಳಿದದ್ದು ರ‍್ಯಾಮ್.

ಉಳಿದ ಎರಡು ಜಾಗಗಳಲ್ಲಿ ನಾಲ್ಕೂ ಡಿಸ್ಕ್‌ನಿಂದ 4096 ಬೈಟ್ ನೇರವಾಗಿ ಓದಿ ಎಕ್ಸ್‌ಆರ್ ಮಾಡಿದೆ. ಎಲ್ಲವೂ ಸೊನ್ನೆ, ಒಂದು ಬೈಟ್ ಬಿಟ್ಟು. ಪುಟದ 1357ನೆಯ ಬೈಟ್, ಬೆಲೆ 16. ಅಂದರೆ ಒಂದೇ ಒಂದು ಬಿಟ್. ಎರಡನೆಯ ಜಾಗದಲ್ಲೂ ಅಷ್ಟೇ. ಅದೇ 1357, ಅದೇ 16.

ಡಿಸ್ಕ್ ತಟ್ಟೆ ಕೆಟ್ಟರೆ ಹೀಗಾಗುವುದಿಲ್ಲ. ಡಿಸ್ಕ್ ಒಳಗೇ ದೋಷ ತಿದ್ದುವ ವ್ಯವಸ್ಥೆ ಇದೆ. ಆಗದಿದ್ದರೆ ಇಡೀ ಸೆಕ್ಟರ್ ಓದಲಾಗಲಿಲ್ಲ ಎನ್ನುತ್ತದೆ. ಒಂದು ಬಿಟ್ ಮಾತ್ರ ಮೆತ್ತಗೆ ಬದಲಿಸಿ ಕೊಡುವುದು ಅಪರೂಪ. ಅದೂ ಎರಡು ದೂರದ ಜಾಗಗಳಲ್ಲಿ ಒಂದೇ ಸ್ಥಾನ! ಎಂಡಿ ತನ್ನ ಕೆಲಸಕ್ಕೆ ಸ್ಟ್ರೈಪ್ ಕ್ಯಾಶ್ ಎಂಬ ಕೆಲವು ಪುಟಗಳನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಮಾಮೂಲಿ 256 ಸ್ಟ್ರೈಪ್ (ಇಲ್ಲಿ ಸ್ಟ್ರೈಪ್ ಎಂದರೆ ಡಿಸ್ಕ್‌ಗೊಂದು ಪುಟ), ನಾಲ್ಕು ಡಿಸ್ಕ್‌ಗೆ 4 ಎಂಬಿ. ಅವೇ ಪುಟಗಳನ್ನು ಮತ್ತೆ ಮತ್ತೆ ಬಳಸುತ್ತದೆ. ಅದರಲ್ಲಿ ಒಂದು ಪುಟದ 1357ನೆಯ ಬೈಟ್‌ನ ಒಂದು ಬಿಟ್ ದುರ್ಬಲವಾಗಿದ್ದರೆ, ಯಾವಾಗಲೋ ಒಮ್ಮೆ ಕೈಕೊಟ್ಟರೆ, ಡಿಸ್ಕ್‌ನ ಯಾವ ಮೂಲೆಯಲ್ಲಾದರೂ ತಪ್ಪು ಬೀಳಬಹುದು. ಆದರೆ ಪುಟದೊಳಗಿನ ಸ್ಥಾನ ಮಾತ್ರ ಬದಲಾಗುವುದಿಲ್ಲ.

ಆ ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಾಕಿ ಮಲಗಿದೆ. ಮಲಗಿದೆ ಎಂದೆ, ನಿದ್ದೆ ಬರಲಿಲ್ಲ. ಬೆಳಿಗ್ಗೆ ನಾಲ್ಕು ಸುತ್ತು ಮುಗಿದಿತ್ತು. ಮೊದಲ ಸುತ್ತಿನಲ್ಲಿ ಏನೂ ಇಲ್ಲ. ಆಮೇಲಿನ ಸುತ್ತುಗಳಲ್ಲಿ ಮೂರು ದೋಷ, ಮೂರೂ ಒಂದೇ ವಿಳಾಸ. ವಿಳಾಸವನ್ನು 4096ರಿಂದ ಭಾಗಿಸಿದೆ. ಶೇಷ 1352. ಅದು ಎಂಟು ಬೈಟ್‌ನ ಗುಂಪಿನ ಆರಂಭ. 1352ರಿಂದ 1359ರವರೆಗೆ. ನನ್ನ 1357 ಅದರೊಳಗೇ ಇದೆ, ಬಿಟ್ ಕೂಡ ಅದೇ.

ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಯಾವುದು ಎಂದು ಗುರುತಿಸಿದೆ. ಕೆಟ್ಟದ್ದನ್ನು ತೆಗೆದು ಬೇರೆ ತಂದು ಹಾಕಿ ಎರಡು ರಾತ್ರಿ ಮೆಮ್‌ಟೆಸ್ಟ್ ಓಡಿಸಿದೆ. ಸೊನ್ನೆ. ಇದಾಗುವವರೆಗೆ ಒಂದು ಅಕ್ಷರವನ್ನೂ ಡಿಸ್ಕ್‌ಗೆ ಬರೆಯಲಿಲ್ಲ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ರಿಪೇರ್ ಓಡಿಸಿದರೆ 12 ಟಿಬಿ ಡೇಟಾದ ಪ್ರತಿ ಪುಟವೂ ಆ ದುರ್ಬಲ ಬಿಟ್‌ನ ಮುಂದೆ ಹಾದುಹೋಗುವ ಅವಕಾಶ ಪಡೆಯುತ್ತದೆ. ಅದರಂಥ ಅಪಾಯ ಬೇರೆ ಇಲ್ಲ.

ಫೈಲ್ ಯಾವುದು

ಸ್ಕ್ರಿಪ್ಟ್ ಓಡಿಸಿದೆ. ದೊಡ್ಡ ಫೈಲ್ ಸಿಸ್ಟಮ್‌ನಲ್ಲಿ ಐಚೆಕ್ ನಿಧಾನ, ಎಲ್ಲ ಐನೋಡ್‌ಗಳನ್ನೂ ತಡಕಬೇಕು. ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯಿತು. ಒಂದು ಜಾಗದ ಮೂರು ಬ್ಲಾಕ್‌ಗೂ ಮಾಲೀಕರೇ ಇಲ್ಲ, ಖಾಲಿ ಜಾಗ. ಸಮಾಧಾನ. ಇನ್ನೊಂದು, ಮೇಲೆ ಲೆಕ್ಕ ಹಾಕಿದ ಜಾಗ. ಮೂರೂ ಬ್ಲಾಕ್‌ಗೆ ಒಂದೇ ಐನೋಡ್. ಒಂದು ತಾಳಮದ್ದಳೆಯ ಎರಡನೆಯ ಕ್ಯಾಸೆಟ್, ಬಿ ಬದಿ.

ಎರಡು ವಾರದ ಹಿಂದೆ ತುಂಬಿಸಿದ 14 ಫೈಲ್‌ಗಳಲ್ಲಿ ಅದೊಂದು. ಬ್ಯಾಕಪ್ ಡಿಸ್ಕ್‌ಗೆ ನಕಲು ಮಾಡುವುದು ತಿಂಗಳಿಗೊಮ್ಮೆ. ಅದು ಇನ್ನೂ ಆಗಿರಲಿಲ್ಲ. ಲ್ಯಾಪ್‌ಟಾಪಿನಿಂದ ಅಳಿಸಿಯಾಗಿತ್ತು. ಚಿಕ್ಕಪ್ಪನಿಗೆ ಫೋನ್ ಮಾಡಿದೆ.

“ಚಿಕ್ಕಪ್ಪ, ಆ ಕ್ಯಾಸೆಟ್ ಇನ್ನೂ ಇಟ್ಟಿದ್ದೀರಾ?”

“ಇದೆ ಮಾರಾಯ. ಆದರೆ ಅವತ್ತು ಓಡಿಸುವಾಗಲೇ ಕೊನೆಗೆ ರೀಲು ಸಿಕ್ಕಿ ಹರಿಯಿತಲ್ಲ, ಬೂಸ್ಟು ಹಿಡಿದು ಅಂಟಿಕೊಂಡಿತ್ತು. ಏಕೆ?”

“ಸುಮ್ನೆ ಕೇಳಿದೆ” ಎಂದೆ. ಆಗಲೇ ಹೇಳಿ ಅವರನ್ನು ನೋಯಿಸಲು ಮನಸ್ಸಾಗಲಿಲ್ಲ.

ಫ್ಲ್ಯಾಕ್‌ನ ಗುಣ ಒಂದಿದೆ. ಫೈಲಿನ ತಲೆಯಲ್ಲಿ ಇಡೀ ಧ್ವನಿಯ ಎಂಡಿ5 ಎಂಬ ತಾಳೆ ಸಂಖ್ಯೆ ಇರುತ್ತದೆ (ಎಂಡಿ ಡ್ರೈವರ್‌ಗೂ ಇದಕ್ಕೂ ಸಂಬಂಧ ಇಲ್ಲ). ಪ್ರತಿ ಫ್ರೇಮ್‌ಗೂ ಪ್ರತ್ಯೇಕ ಸಿಆರ್‌ಸಿ ಇರುತ್ತದೆ. ಪರೀಕ್ಷಿಸುವ ಆಜ್ಞೆ ಕೊಟ್ಟೆ. ಫೈಲ್ ಫೇಲ್ ಆಯಿತು. ಅಂದರೆ ಪ್ಯಾರಿಟಿ ಅಲ್ಲ, ಡೇಟಾದ ಬಾಬೇ ತಪ್ಪಿದೆ. ರ‍್ಯಾಮ್‌ನಲ್ಲಿ ಮೊತ್ತ ಕೂಡಿಯಾದ ಮೇಲೆ, ಡಿಸ್ಕ್‌ಗೆ ಹೋಗುವ ಮೊದಲು ಬಿಟ್ ಮಗುಚಿರಬೇಕು. ಹಾಗಿದ್ದರೆ ಪ್ಯಾರಿಟಿಯಲ್ಲಿ ಸರಿಯಾದ ಲೆಕ್ಕ ಇನ್ನೂ ಉಳಿದಿದೆ!

ಮೂರು ಬ್ಲಾಕ್‌ಗಳಲ್ಲಿ ತಪ್ಪಿದ್ದು ಯಾವುದು? ಮೂರನ್ನೂ ಪ್ರಯತ್ನಿಸಿದೆ. ಫೈಲಿನ ಮೂರು ನಕಲು ಬೇರೆ ಡಿಸ್ಕ್ ಮೇಲೆ ಮಾಡಿಕೊಂಡೆ. ಒಂದೊಂದು ನಕಲಿನಲ್ಲಿ ಒಂದೊಂದು ಬ್ಲಾಕ್ ತೆಗೆದು, ಉಳಿದ ಎರಡು ಡೇಟಾ ಪುಟ ಮತ್ತು ಪ್ಯಾರಿಟಿಯ ಎಕ್ಸ್‌ಆರ್‌ನಿಂದ ಬಂದ ಬ್ಲಾಕನ್ನು ಅಲ್ಲಿಟ್ಟೆ. ಪ್ಯಾರಿಟಿ ಎಲ್ಲಿದೆ ಎಂದು ತಿಳಿಯಬೇಕಲ್ಲ. ಮಾಮೂಲಿ ಲೆಫ್ಟ್ ಸಿಮೆಟ್ರಿಕ್ ಜೋಡಣೆಯಲ್ಲಿ ಸ್ಟ್ರೈಪ್ ಸಂಖ್ಯೆಯನ್ನು 4ರಿಂದ ಭಾಗಿಸಿದ ಶೇಷವನ್ನು 3ರಿಂದ ಕಳೆದರೆ ಸಿಗುತ್ತದೆ. 3112943ಕ್ಕೆ ಶೇಷ 3. ಆದ್ದರಿಂದ ಪ್ಯಾರಿಟಿ 0ನೆಯ ಡಿಸ್ಕ್‌ನಲ್ಲಿ. ಡೇಟಾ 1, 2, 3ರಲ್ಲಿ, ಅದೇ ಕ್ರಮದಲ್ಲಿ. ಬ್ಲಾಕ್ ಫೈಲಿನೊಳಗೆ ಎಷ್ಟನೆಯದು ಎಂದು ಫೈಲ್‌ಫ್ರ್ಯಾಗ್ ಎಂಬ ಆಜ್ಞೆ ಹೇಳಿತು.

ಮೊದಲ ನಕಲು ಫೇಲ್. ಮೂರನೆಯದೂ ಫೇಲ್. ನಡುವಿನದು, 1195370366ನ್ನು ಬದಲಿಸಿದ್ದು, ಪಾಸ್.

ಎದೆ ಹಗುರಾಯಿತು. ಕೂತು ಆ ಬಿ ಬದಿಯನ್ನು ಪೂರ್ತಿ ಕೇಳಿದೆ. ಹಿಂದೆ ಎಲ್ಲೋ ಮಳೆ ಬೀಳುವ ಸದ್ದೂ ಇದೆ ಅದರಲ್ಲಿ.

ತಿದ್ದಿದ್ದು

ಫೈಲ್ ಸಿಸ್ಟಮನ್ನು ಬರೆಯುವ ಹಾಗೆ ಮೌಂಟ್ ಮಾಡಿ, ಸರಿಯಾದ 4096 ಬೈಟ್‌ಗಳನ್ನು ಮೂಲ ಫೈಲಿನ ಅದೇ ಜಾಗಕ್ಕೆ ಡಿಡಿ ಆಜ್ಞೆಯಿಂದ ಬರೆದೆ, ಫೈಲನ್ನು ಮೊಟಕು ಮಾಡದ ಆಯ್ಕೆ ಕೊಟ್ಟು. ಸಿಂಕ್, ಕ್ಯಾಶ್ ಖಾಲಿ, ಆ ಚೂರಿಗೆ ಮಾತ್ರ ಚೆಕ್. ಸೊನ್ನೆ ಬಂತು.

ಇಲ್ಲೊಂದು ಸೂಕ್ಷ್ಮ ಇದೆ. ಒಂದು ಬ್ಲಾಕ್ ಬರೆಯುವಾಗ ಹೊಸ ಪ್ಯಾರಿಟಿಯನ್ನು ಎಂಡಿ ಎರಡು ದಾರಿಯಲ್ಲಿ ಮಾಡಬಹುದು. ಉಳಿದ ಡೇಟಾ ಪುಟಗಳನ್ನೆಲ್ಲ ಓದಿ ಹೊಸದಾಗಿ ಕೂಡುವುದು ಒಂದು. ಹಳೆಯ ಬ್ಲಾಕ್ ಮತ್ತು ಹಳೆಯ ಪ್ಯಾರಿಟಿ ಓದಿ ವ್ಯತ್ಯಾಸ ಸೇರಿಸುವುದು ಇನ್ನೊಂದು. ನಾಲ್ಕು ಡಿಸ್ಕ್‌ನಲ್ಲಿ ಎರಡಕ್ಕೂ ಎರಡೆರಡು ಓದು, ಎಂಡಿ ಮೊದಲ ದಾರಿ ಹಿಡಿಯುತ್ತದೆ. ಡಿಸ್ಕ್ ಜಾಸ್ತಿ ಇದ್ದರೆ ಎರಡನೆಯದು ಅಗ್ಗ. ಆಗ ಹಳೆಯ ತಪ್ಪು ಬಿಟ್ ವ್ಯತ್ಯಾಸವಾಗಿ ಪ್ಯಾರಿಟಿಗೆ ಇಳಿಯುತ್ತದೆ. ಡೇಟಾ ಸರಿಯಾದರೂ ಮಿಸ್‌ಮ್ಯಾಚ್ ಉಳಿದಿರುತ್ತದೆ. ಹಾಗೆ ಕಂಡರೆ ಹೆದರಬೇಡಿ. ಡೇಟಾ ಸರಿ ಎಂದು ಖಾತ್ರಿಯಾದ ಮೇಲೆ ಅಷ್ಟು ಚೂರಿಗೆ ರಿಪೇರ್ ಕೊಡಿ. ನಾನು ಖಾಲಿ ಜಾಗದ ಚೂರಿಗೆ ಹಾಗೆಯೇ ಕೊಟ್ಟೆ.

ನಂತರ ಮಿನ್, ಮ್ಯಾಕ್ಸ್ ಹಿಂದಿನಂತೆ ಮಾಡಿ ಪೂರ್ತಿ ಚೆಕ್. ಎಂಟು ಗಂಟೆ ನಲವತ್ತು ನಿಮಿಷ. ಸೊನ್ನೆ. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ.

ಸ್ಕ್ರಿಪ್ಟನ್ನು ಈಗ ತಪಾಸಣೆ ಮುಗಿದಾಗ ತಾನೇ ಓಡುವಂತೆ ಕಟ್ಟಿದ್ದೇನೆ. ಮೇಲ್‌ನಲ್ಲಿ ಸಂಖ್ಯೆಯ ಜೊತೆ ಫೈಲ್‌ಗಳ ಹೆಸರು ಬರುತ್ತದೆ. ಮಾಲೀಕರಿಲ್ಲದಿದ್ದರೆ ‘ಖಾಲಿ ಜಾಗ’ ಎಂದು ಬರುತ್ತದೆ. ಲಾಗ್‌ನ ಸಾಲು ಎಣಿಕೆಗೆ ಹೊಂದದಿದ್ದರೆ ಅದನ್ನೂ ಹೇಳುತ್ತದೆ. ಬ್ಯಾಕಪ್ ನಕಲು ವಾರಕ್ಕೊಮ್ಮೆ ಮಾಡಿದ್ದೇನೆ. ಡಿಎಂ ಇಂಟೆಗ್ರಿಟಿ ಬಳಸಬಾರದೇ ಎಂದು ಗೆಳೆಯ ಕೇಳಿದ. ಡಿಸ್ಕ್ ಸದ್ದಿಲ್ಲದೆ ತಪ್ಪು ಕೊಡುವುದನ್ನು ಅದು ಹಿಡಿಯುತ್ತದೆ, ಒಳ್ಳೆಯದೇ. ಆದರೆ ನನ್ನ ಬಿಟ್ ಮಗುಚಿದ್ದು ಡಿಸ್ಕ್‌ಗೆ ಹೋಗುವ ಮೊದಲೇ, ರ‍್ಯಾಮ್‌ನಲ್ಲೇ. ಕೆಟ್ಟ ಪುಟಕ್ಕೇ ಚೆಕ್‌ಸಮ್ ಹಾಕಿ ಅದು ಸರಿ ಎಂದುಬಿಡುವ ಸಾಧ್ಯತೆ ಇತ್ತು. ಮುಂದಿನ ಬೋರ್ಡ್ ಕೊಳ್ಳುವಾಗ ಇಸಿಸಿ ಇರುವುದನ್ನೇ ಕೊಳ್ಳುತ್ತೇನೆ.

ಕಳೆದ ತಿಂಗಳ 8 ಮಾತ್ರ ಬಗೆಹರಿದಿಲ್ಲ. 212 ಫ್ಲ್ಯಾಕ್‌ಗಳನ್ನೂ ಪರೀಕ್ಷೆಗೆ ಹಾಕಿದೆ, ಎಲ್ಲ ಪಾಸ್. ಬ್ಯಾಕಪ್‌ನಲ್ಲಿರುವುದನ್ನೆಲ್ಲ ಆರ್‌ಸಿಂಕ್‌ನ ಚೆಕ್‌ಸಮ್ ಹೋಲಿಕೆಯಲ್ಲಿ ರಾತ್ರಿಯಿಡೀ ಓಡಿಸಿದೆ, ವ್ಯತ್ಯಾಸ ಇಲ್ಲ. ಉಳಿದದ್ದು ಆ ಹೊತ್ತಿನಲ್ಲಿ ಸ್ಕ್ಯಾನ್ ಮಾಡಿದ 340 ಫೋಟೊ. ರಿಪೇರ್ ಆದಮೇಲೆಯೇ ಅವು ಬ್ಯಾಕಪ್‌ಗೆ ಹೋದದ್ದು. ಟಿಫ್ ಫೈಲ್‌ನಲ್ಲಿ ಒಂದು ಬಿಟ್ ಹೋದರೆ ಕಣ್ಣಿಗೆ ಕಾಣುವುದೂ ಕಷ್ಟ. ಆ ಆಲ್ಬಂಗಳು ಇನ್ನೂ ಅಟ್ಟದ ಮೇಲಿವೆ. ಈ ಶನಿವಾರ ಕೆಳಗಿಳಿಸಿ ಮೊದಲನೆಯದರಿಂದ ಮತ್ತೆ ಸ್ಕ್ಯಾನ್ ಶುರು ಮಾಡುತ್ತೇನೆ.